ಒಲೆ ಹಚ್ಚೋ ಮೊದಲು ಲೆಕ್ಕ: ಪ್ರೊ. ಎ.ಕೆ.ಎನ್. ರೆಡ್ಡಿ ಅವರ ಬದುಕು

ಕಂಬಶ್ಚನ್ ಸಿಮ್ಯುಲೇಶನ್ ಅಂದ ತಕ್ಷಣ ನಮಗೆ ನೆನಪಾಗೋದು ರಾಕೆಟ್ ಎಂಜಿನ್ನು, ಗ್ಯಾಸ್ ಟರ್ಬೈನು, ಇಲ್ಲಾಂದ್ರೆ ಬಿಎಸ್-6 ಕಾರು. ಗೋಬರ್ ಗ್ಯಾಸ್ ಒಲೆ ಯಾರ ತಲೆಗೂ ಬರೋದಿಲ್ಲ. ಆದರೆ ಈಗ ಬಯೋಗ್ಯಾಸ್ ಮತ್ತೆ ಸುದ್ದಿಯಲ್ಲಿದೆ. ನಮ್ಮ ಸೀನಿಯರ್‌ಗಳು ಕೆಲಸ ಮಾಡುವ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಆಫೀಸುಗಳಲ್ಲಿ ಸಿಎಫ್‌ಡಿ ಅನ್ನೋದು ದಿನನಿತ್ಯದ ಮಾತು. ಬಯೋಗ್ಯಾಸ್ ಹೊಗೆ ಇಲ್ಲದೆ, ವಿಷದ ಗಾಳಿ ಬಿಡದೆ ಉರಿಯುವ ಬರ್ನರ್ ಬೇಕು ಅಂದರೆ ಮೊದಲು ಕಂಪ್ಯೂಟರ್‌ನಲ್ಲೇ ಉರಿಸಿ ನೋಡಬಹುದು. ಅದು ಒಳ್ಳೇ ಪ್ರಾಜೆಕ್ಟ್ ಕೂಡ ಹೌದು.

ಆದರೆ ಆ ಪ್ರಾಜೆಕ್ಟ್ ಶುರು ಮಾಡೋ ಮೊದಲು ಒಬ್ಬರ ಬಗ್ಗೆ ತಿಳಿದುಕೊಳ್ಳಬೇಕು. ಬೆಂಗಳೂರಿನಲ್ಲೇ ಹುಟ್ಟಿ, ಬೆಂಗಳೂರಿನಲ್ಲೇ ತೀರಿಕೊಂಡವರು. ಗೋಬರ್ ಗ್ಯಾಸನ್ನು ವಿಜ್ಞಾನಿಯ ಕಣ್ಣಿಂದ ನೋಡಿ, ಅದರ ಲೆಕ್ಕ ಹಾಕಿ, ಆ ಲೆಕ್ಕ ಹಳ್ಳಿಯಲ್ಲಿ ತಪ್ಪಿದಾಗ ಮತ್ತೆ ಕೂತು ಸರಿ ಮಾಡಿದವರು. ಅವರೇ ಪ್ರೊ. ಅಮೂಲ್ಯ ಕುಮಾರ ನಾರಾಯಣ ರೆಡ್ಡಿ. ಇಂಧನದ ವಿಷಯ ಓದುವವರಿಗೆ ಜಗತ್ತಿನಾದ್ಯಂತ ಎ.ಕೆ.ಎನ್. ರೆಡ್ಡಿ ಅಂತಲೇ ಪರಿಚಯ. ಅವರು ತೀರಿಕೊಂಡಾಗ ನಮ್ಮಲ್ಲಿ ಹೆಚ್ಚಿನವರು ಇನ್ನೂ ಹುಟ್ಟಿರಲಿಲ್ಲ, ಇಲ್ಲವೇ ತೊಟ್ಟಿಲಲ್ಲಿದ್ದೆವು. ಹಾಗಾಗಿ ಈ ಹೆಸರು ನಮ್ಮ ತಲೆಮಾರಿಗೆ ಅಷ್ಟಾಗಿ ಗೊತ್ತಿಲ್ಲ. ಗೊತ್ತಾಗಬೇಕು.

ಎಲೆಕ್ಟ್ರೋಡಿನಿಂದ ಶುರುವಾದ ದಾರಿ

ರೆಡ್ಡಿ ಹುಟ್ಟಿದ್ದು 1930ರ ಅಕ್ಟೋಬರ್ 21ರಂದು. ಓದಿದ್ದು ಸೆಂಟ್ರಲ್ ಕಾಲೇಜಿನಲ್ಲಿ, ರಸಾಯನಶಾಸ್ತ್ರ. ಅಲ್ಲಿಂದ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋಗಿ 1958ರಲ್ಲಿ ಡಾಕ್ಟರೇಟ್ ಮುಗಿಸಿದರು. ವಾಪಸ್ ಬಂದು ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರ ಎಲೆಕ್ಟ್ರೋಕೆಮಿಕಲ್ ಸಂಶೋಧನಾ ಸಂಸ್ಥೆಯಲ್ಲಿ ಕೆಲವು ವರ್ಷ ಇದ್ದರು. ಆಮೇಲೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ. ಅಲ್ಲಿ ಜಾನ್ ಬಾಕ್ರಿಸ್ ಎಂಬ ದೊಡ್ಡ ಎಲೆಕ್ಟ್ರೋಕೆಮಿಸ್ಟ್ ಜೊತೆ ಕೆಲಸ.

ಇವರಿಬ್ಬರೂ ಸೇರಿ ಬರೆದ ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ ಪುಸ್ತಕ 1970ರಲ್ಲಿ ಎರಡು ಸಂಪುಟಗಳಲ್ಲಿ ಬಂತು. ಬ್ಯಾಟರಿ, ಫ್ಯುಯೆಲ್ ಸೆಲ್, ಕರೋಷನ್ ಓದುವವರು ಇವತ್ತಿಗೂ ಆ ಪುಸ್ತಕ ಹುಡುಕುತ್ತಾರೆ. ಒಬ್ಬ ವಿಜ್ಞಾನಿಗೆ ಇಷ್ಟು ಸಾಕು. ಹೆಸರು ಬಂದಾಗಿದೆ, ಮುಂದಿನ ಇಪ್ಪತ್ತೈದು ವರ್ಷ ಅದೇ ವಿಷಯದಲ್ಲಿ ಪೇಪರ್ ಬರೆದುಕೊಂಡು ಆರಾಮಾಗಿ ಇರಬಹುದಿತ್ತು. 1966ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ನಮ್ಮೆಲ್ಲರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಸೇರಿಕೊಂಡ ಮೇಲೆ ಮೊದಲ ಕೆಲವು ವರ್ಷ ಹಾಗೇ ನಡೆಯಿತು ಕೂಡ.

ತಿರುವು ಬಂದಿದ್ದು 1970ರ ದಶಕದ ಆರಂಭದಲ್ಲಿ. ಸಂಸ್ಥೆಯ ಲ್ಯಾಬುಗಳಲ್ಲಿ ನಡೆಯುವ ಕೆಲಸಕ್ಕೂ, ಹೊರಗೆ ಐವತ್ತು ಕಿಲೋಮೀಟರ್ ಹೋದರೆ ಕಾಣುವ ಹಳ್ಳಿಗಳಿಗೂ ಏನು ಸಂಬಂಧ ಅನ್ನೋ ಪ್ರಶ್ನೆ ರೆಡ್ಡಿಯವರನ್ನು ಕಾಡತೊಡಗಿತ್ತು. ಪಶ್ಚಿಮದ ದೇಶಗಳಿಂದ ತಂದ ತಂತ್ರಜ್ಞಾನ ಪೇಟೆಯ ಕೆಲವರಿಗೆ ಸುಖ ಕೊಡುತ್ತೆ, ಹಳ್ಳಿಯ ಬಹುಪಾಲು ಜನರನ್ನು ಹಾಗೇ ಬಿಟ್ಟುಬಿಡುತ್ತೆ ಅನ್ನೋದು ಅವರ ವಾದ. 1973ರಲ್ಲಿ ಕಚ್ಚಾ ತೈಲದ ಬೆಲೆ ಏಕಾಏಕಿ ಏರಿದಾಗ ಈ ಪ್ರಶ್ನೆಗೆ ಇನ್ನಷ್ಟು ತೂಕ ಬಂತು. ತೈಲ ದುಬಾರಿ ಆದರೆ ಯೂರಿಯಾ ದುಬಾರಿ, ಸೀಮೆಎಣ್ಣೆ ದುಬಾರಿ. ಹಾಗಾದರೆ ಹಳ್ಳಿಯಲ್ಲೇ ಇರುವ ಇಂಧನ ಯಾವುದು?

ಒಂದು ಕಾರ್ಖಾನೆ ಅಥವಾ 26,150 ಗುಂಡಿಗಳು

ಗೋಬರ್ ಗ್ಯಾಸ್ ರೆಡ್ಡಿಯವರು ಕಂಡುಹಿಡಿದಿದ್ದಲ್ಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದವರು ಅದಾಗಲೇ ತೇಲುವ ಡ್ರಮ್ಮಿನ ಮಾದರಿಯನ್ನು ದೇಶದ ಹಲವೆಡೆ ಕಟ್ಟಿಸಿದ್ದರು. ರೆಡ್ಡಿ ಮಾಡಿದ್ದೇನು ಅಂದರೆ, ಅದನ್ನು ಒಂದು ಗಂಭೀರ ಎಂಜಿನಿಯರಿಂಗ್ ಪ್ರಶ್ನೆಯಾಗಿ ತೆಗೆದುಕೊಂಡಿದ್ದು. 1974ರಲ್ಲಿ ಸಿ.ಆರ್. ಪ್ರಸಾದ್, ಕೆ. ಕೃಷ್ಣ ಪ್ರಸಾದ್ ಜೊತೆ ಸೇರಿ ಬಯೋಗ್ಯಾಸ್ ಸ್ಥಾವರಗಳ ಸಾಧ್ಯತೆ ಮತ್ತು ತೊಡಕುಗಳ ಬಗ್ಗೆ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ದೊಡ್ಡ ಲೇಖನ ಬರೆದರು. ಕೃಷ್ಣ ಪ್ರಸಾದ್ ಮುಂದೆ ನೆದರ್‌ಲೆಂಡ್ಸ್‌ನ ಐಂಡ್‌ಹೋವನ್‌ಗೆ ಹೋಗಿ, ಸೌದೆ ಒಲೆಯ ದಹನದ ಮೇಲೆ ಕೆಲಸ ಮಾಡಿದ ಹೆಸರಾಂತ ಗುಂಪನ್ನು ಕಟ್ಟಿದರು.

ಆ ದಿನಗಳ ಒಂದು ಹೋಲಿಕೆ ಜಗತ್ತಿನಾದ್ಯಂತ ಓಡಾಡಿತು. ವರ್ಷಕ್ಕೆ 2,30,000 ಟನ್ ಸಾರಜನಕ ಗೊಬ್ಬರ ಬೇಕು ಅಂತಿಟ್ಟುಕೊಳ್ಳಿ. ಒಂದು ದಾರಿ, ಕಲ್ಲಿದ್ದಲಿನಿಂದ ಯೂರಿಯಾ ಮಾಡುವ ಒಂದು ದೊಡ್ಡ ಕಾರ್ಖಾನೆ. ಇನ್ನೊಂದು ದಾರಿ, ಹಳ್ಳಿ ಮಟ್ಟದ 26,150 ಬಯೋಗ್ಯಾಸ್ ಸ್ಥಾವರಗಳು. ಬಂಡವಾಳ ಎರಡಕ್ಕೂ ಹೆಚ್ಚುಕಮ್ಮಿ ಅಷ್ಟೇ. ಕಾರ್ಖಾನೆಯಲ್ಲಿ ಕೆಲಸ 1,000 ಜನಕ್ಕೆ, ಹಳ್ಳಿಗಳಲ್ಲಿ 1,30,750 ಜನಕ್ಕೆ. ಕಾರ್ಖಾನೆ ವರ್ಷಕ್ಕೆ ಸುಮಾರು 1 ಲಕ್ಷ ಮೆಗಾವ್ಯಾಟ್ ಗಂಟೆ ಶಕ್ತಿಯನ್ನು ತಾನೇ ನುಂಗುತ್ತೆ. ಬಯೋಗ್ಯಾಸ್ ಸ್ಥಾವರಗಳು 63.5 ಲಕ್ಷ ಮೆಗಾವ್ಯಾಟ್ ಗಂಟೆ ಶಕ್ತಿಯನ್ನು ಹೊರಗೆ ಕೊಡುತ್ತವೆ.

ಲೆಕ್ಕ ಸೊಗಸಾಗಿದೆ ಅಲ್ವಾ? ಆದರೆ ಇದೂ ಒಂದು ಮಾಡೆಲ್ಲೇ. ದಿನಾ ಬೆಳಿಗ್ಗೆ ಸಗಣಿ ಬಂದು ಗುಂಡಿಗೆ ಬೀಳುತ್ತೆ ಅನ್ನೋ ಊಹೆಯ ಮೇಲೆ ನಿಂತ ಮಾಡೆಲ್. ಈ ಊಹೆಯನ್ನು ನೆಲದ ಮೇಲೆ ಪರೀಕ್ಷಿಸಲು ರೆಡ್ಡಿ ಹೊರಟರು. ಅವರ ಬದುಕಿನ ದೊಡ್ಡ ಗುಣ ಇದೇ ಅನ್ನಿಸುತ್ತೆ. ಪೇಪರ್ ಹೆಸರು ಮಾಡಿದೆ ಅಂತ ಅಲ್ಲಿಗೇ ನಿಲ್ಲಲಿಲ್ಲ.

1974ರಲ್ಲಿ ಸಂಸ್ಥೆಯೊಳಗೆ ಅಸ್ತ್ರ ಶುರುವಾಯಿತು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವುದು ಅನ್ನೋ ಅರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು. ಬೇರೆ ಬೇರೆ ವಿಭಾಗದ ಪ್ರೊಫೆಸರ್‌ಗಳು, ಸಿವಿಲ್, ಮೆಕ್ಯಾನಿಕಲ್, ಕೆಮಿಸ್ಟ್ರಿ, ಏರೋನಾಟಿಕ್ಸ್, ತಮ್ಮ ಕೆಲಸದ ಜೊತೆಗೇ ಇದಕ್ಕೂ ಕೈ ಹಾಕಿದರು. ಆಗ ನಿರ್ದೇಶಕರಾಗಿದ್ದವರು ಸತೀಶ್ ಧವನ್. ಅದೇ ಧವನ್ ಇಸ್ರೋದ ಅಧ್ಯಕ್ಷರೂ ಹೌದು. ಆ ದಿನಗಳಲ್ಲೇ ಪೀಣ್ಯದ ಇಂಡಸ್ಟ್ರಿಯಲ್ ಶೆಡ್ಡುಗಳಲ್ಲಿ ಯು.ಆರ್. ರಾವ್ ಅವರ ತಂಡ ಆರ್ಯಭಟ ಉಪಗ್ರಹ ಕಟ್ಟುತ್ತಿತ್ತು. 1975ರ ಏಪ್ರಿಲ್ 19ರಂದು ಅದು ಆಕಾಶಕ್ಕೆ ಹೋಯಿತು. ಸಂಸ್ಥೆಯಿಂದ ಕುಣಿಗಲ್ ಕಡೆಗೆ ಹೊರಟರೆ ಯಶವಂತಪುರ, ಪೀಣ್ಯ, ನೆಲಮಂಗಲ ದಾಟಿಯೇ ಹೋಗಬೇಕು. ಉಪಗ್ರಹ ಕಟ್ಟಿದ ಶೆಡ್ಡುಗಳಿರುವ ಪೀಣ್ಯದ ಮೇಲೇ ಹಾದು ಅಸ್ತ್ರದವರು ಸಗಣಿ ಲೆಕ್ಕ ಹಾಕಲು ಹಳ್ಳಿಗೆ ಹೋದರು. ಎರಡಕ್ಕೂ ಒಬ್ಬರೇ ನಿರ್ದೇಶಕರ ಬೆಂಬಲ ಇತ್ತು ಅನ್ನೋದು ನೆನಪಿಡಬೇಕಾದ ಸಂಗತಿ.

1975ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಹುಟ್ಟಿದಾಗ ಅದರ ಆರಂಭದ ವರ್ಷಗಳ ಕಾರ್ಯದರ್ಶಿಯೂ ರೆಡ್ಡಿಯವರೇ. ನಮ್ಮಲ್ಲಿ ಅನೇಕರು ಫೈನಲ್ ಇಯರ್ ಪ್ರಾಜೆಕ್ಟ್‌ಗೆ ದುಡ್ಡು ಕೇಳಿ ಅರ್ಜಿ ಹಾಕೋದು ಇದೇ ಮಂಡಳಿಗೆ.

ಮೊದಲು ಅಳತೆ

ಅಸ್ತ್ರದವರು ತಮ್ಮ ಹಳ್ಳಿ ಕೇಂದ್ರವನ್ನು ಮಾಡಿಕೊಂಡಿದ್ದು ತುಮಕೂರು ಜಿಲ್ಲೆ, ಕುಣಿಗಲ್ ತಾಲೂಕಿನ ಉಂಗ್ರದಲ್ಲಿ. ಅಲ್ಲಿಗೆ ಹೋದವರು ಮೊದಲ ದಿನವೇ ಯಂತ್ರ ಇಳಿಸಲಿಲ್ಲ. ಮೊದಲು ಅಳತೆ ಮಾಡಿದರು. ಸುತ್ತಲಿನ ಆರು ಹಳ್ಳಿಗಳಲ್ಲಿ ಯಾವ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತೆ, ಎಲ್ಲಿಂದ ತರ್ತಾರೆ, ಯಾರು ತರ್ತಾರೆ, ನೀರಿಗೆ ಎಷ್ಟು ದೂರ ನಡೀತಾರೆ, ಎತ್ತು ಎಷ್ಟು ಗಂಟೆ ದುಡಿಯುತ್ತೆ, ಎಲ್ಲವನ್ನೂ ಲೆಕ್ಕ ಹಾಕಿದರು.

ಆ ಹಳ್ಳಿಗಳಲ್ಲಿ ಒಂದು ಪುರ. 1977ರ ಹೊತ್ತಿಗೆ 56 ಮನೆ, 357 ಜನ. ಸರ್ವೆಯಿಂದ ಗೊತ್ತಾಗಿದ್ದು ಅಂದಿನ ಎಷ್ಟೋ ನಂಬಿಕೆಗಳನ್ನು ಬುಡಮೇಲು ಮಾಡಿತು. ಹಳ್ಳಿಯ ಇಂಧನದಲ್ಲಿ ಬಹುಪಾಲು ಸೌದೆ. ಕರೆಂಟು, ಸೀಮೆಎಣ್ಣೆ ಎಲ್ಲಾ ಸೇರಿದರೂ ಚೂರೇ ಚೂರು. ಆ ಸೌದೆಯನ್ನು ಜನ ಮರ ಕಡಿದು ತರ್ತಿರಲಿಲ್ಲ. ಬೇಲಿ, ಬದು, ಗುಡ್ಡದಲ್ಲಿ ಒಣ ಪುಳ್ಳೆ, ಕಡ್ಡಿ ಆಯ್ದು ತರ್ತಿದ್ದರು. ದುಡ್ಡು ಕೊಟ್ಟು ಕೊಳ್ಳೋದು ತೀರಾ ಕಮ್ಮಿ. ಸಗಣಿಯನ್ನು ಬೆರಣಿ ತಟ್ಟಿ ಸುಡೋದೂ ಇಲ್ಲಿ ರೂಢಿಯಲ್ಲಿ ಇರಲಿಲ್ಲ, ಸಗಣಿ ಹೋಗ್ತಿದ್ದದ್ದು ತಿಪ್ಪೆಗೆ.

ಹಾಗಂತ ಸೌದೆ ಪುಕ್ಕಟೆ ಅಲ್ಲ. ಒಂದು ಮನೆಗೆ ದಿನಕ್ಕೆ ಸರಾಸರಿ ಎರಡೂವರೆ ಗಂಟೆ ಅದಕ್ಕೇ ಹೋಗ್ತಿತ್ತು. ಊರಿನ ದುಡಿಮೆಯ ಗಂಟೆಗಳನ್ನೆಲ್ಲಾ ಕೂಡಿಸಿ ನೋಡಿದಾಗ ಹೆಂಗಸರ ಪಾಲು 53 ಶೇಕಡ, ಗಂಡಸರದ್ದು 31, ಮಕ್ಕಳದ್ದು 16. ಇಂಧನದ ಲೆಕ್ಕದಲ್ಲಿ ಹೆಂಗಸರ ಮತ್ತು ಮಕ್ಕಳ ಸಮಯವನ್ನೂ ಹೀಗೆ ಅಳೆದು ಅಂಕಿಯಾಗಿ ಬರೆದ ಅಧ್ಯಯನ ಆ ಕಾಲಕ್ಕೆ ಅಪರೂಪ.

ಈ ಅಳತೆಯಿಂದ ಹುಟ್ಟಿದ ಒಂದು ವಸ್ತು ಕರ್ನಾಟಕದ ತುಂಬಾ ಹೆಸರಾಯಿತು: ಅಸ್ತ್ರ ಒಲೆ. ಮಣ್ಣು, ಇಟ್ಟಿಗೆಯಲ್ಲಿ ಕಟ್ಟುವ, ಮೂರು ಪಾತ್ರೆ ಕೂರುವ, ಕೆಳಗೆ ಜಾಲರಿ, ಹಿಂದೆ ಹೊಗೆ ಕೊಳವೆ ಇರುವ ಒಲೆ. ಸಾಮಾನ್ಯ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲಿ ಒಂದು ಪಾಲು ಪಾತ್ರೆಗೆ ಸೇರಿದರೆ ಹೆಚ್ಚು. ಅಸ್ತ್ರ ಒಲೆ ಪರೀಕ್ಷೆಯಲ್ಲಿ 40 ಶೇಕಡ ದಾಟಿತು. ಇದು ರೆಡ್ಡಿಯವರೊಬ್ಬರ ಕೆಲಸ ಅಲ್ಲ, ಅಸ್ತ್ರದ ಗೆಳೆಯರೆಲ್ಲರ ಕೆಲಸ. ಇದರ ಹಿಂದೆ ಇದ್ದದ್ದು ಗಾಳಿ ಎಷ್ಟು ಒಳಗೆ ಬರಬೇಕು, ಬಿಸಿ ಗ್ಯಾಸ್ ಪಾತ್ರೆಯ ತಳಕ್ಕೆ ಎಷ್ಟು ಹೊತ್ತು ತಾಗಬೇಕು ಅನ್ನೋ ಶುದ್ಧ ಹೀಟ್ ಟ್ರಾನ್ಸ್‌ಫರ್. ಜೊತೆಗೆ ನಮ್ಮೂರ ಅಡುಗೆ. ರಾಗಿ ಮುದ್ದೆ ತಿರುವುವಾಗ ಕೋಲಿಗೆ ಬೀಳುವ ಬಲಕ್ಕೆ ಅಲ್ಲಾಡುವ ಒಲೆ, ಎಫಿಶಿಯೆನ್ಸಿ ಎಷ್ಟೇ ಇರಲಿ, ಕುಣಿಗಲ್ ಕಡೆಯ ಅಡುಗೆಮನೆಯಲ್ಲಿ ಒಂದು ವಾರವೂ ನಿಲ್ಲೋದಿಲ್ಲ.

ಪುರದಲ್ಲಿ ತಪ್ಪಿದ ಲೆಕ್ಕ, ಸರಿಯಾದ ಲೆಕ್ಕ

ರೆಡ್ಡಿಯವರ ಬದುಕಿನಲ್ಲಿ ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳು ನಿಂತು ನೋಡಬೇಕಾದ ಅಧ್ಯಾಯ ಇದು.

ಪುರದಲ್ಲಿ ಇಡೀ ಊರಿಗೆ ಒಂದು ಸಮುದಾಯ ಬಯೋಗ್ಯಾಸ್ ಸ್ಥಾವರ ಕಟ್ಟಬೇಕು, ಎಲ್ಲರ ಮನೆಗೂ ಅಡುಗೆ ಗ್ಯಾಸ್ ಕೊಡಬೇಕು ಅನ್ನೋದು ಮೊದಲ ಯೋಜನೆ. ತಾಂತ್ರಿಕವಾಗಿ ಸಿದ್ಧತೆ ಚೆನ್ನಾಗಿತ್ತು. ಅಸ್ತ್ರದವರು ಹಳೇ ಮಾದರಿಯ ಆಳವಾದ ಗುಂಡಿಯ ಬದಲು ಆಳ ಕಮ್ಮಿ, ಅಗಲ ಜಾಸ್ತಿ ಇರುವ ಗುಂಡಿ ವಿನ್ಯಾಸ ಮಾಡಿ ಖರ್ಚು ಇಳಿಸಿದ್ದರು. ಸ್ಥಾವರ ಕೆಲಸ ಮಾಡಿತು, ಗ್ಯಾಸ್ ಬಂತು, ಒಲೆ ಉರಿಯಿತು. ಆದರೂ ಯೋಜನೆ ನಿಂತುಹೋಯಿತು.

ಯಾಕೆ? ಲೆಕ್ಕ ನಾವೇ ಹಾಕಿ ನೋಡಬಹುದು. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 0.034 ಘನ ಮೀಟರ್ ಗ್ಯಾಸ್. ದಿನಕ್ಕೆ 1,250 ಕಿಲೋ ಸಗಣಿ ಬಂದರೆ 42.5 ಘನ ಮೀಟರ್. ಒಬ್ಬರ ಎರಡು ಹೊತ್ತಿನ ಅಡುಗೆಗೆ ಕಾಲು ಘನ ಮೀಟರ್ ಅಂತಿಟ್ಟರೂ 357 ಜನಕ್ಕೆ ಬೇಕಾದ್ದು 89. ಅಂದರೆ ಇರೋದು ಅರ್ಧಕ್ಕಿಂತ ಕಮ್ಮಿ. ಅರ್ಧ ಅಡುಗೆಗೆ ಗ್ಯಾಸು, ಮಿಕ್ಕಿದ್ದಕ್ಕೆ ಸೌದೆ ಅಂದರೆ ಹೆಂಗಸರಿಗೆ ಸೌದೆ ತರೋ ಕೆಲಸ ತಪ್ಪೋದಿಲ್ಲ, ಮೇಲಿಂದ ಸಗಣಿ ಹೊರುವ ಕೆಲಸ ಸೇರುತ್ತೆ. ಸೌದೆಗೆ ಅವರು ದುಡ್ಡು ಕೊಡ್ತಿರಲಿಲ್ಲವಾದ್ದರಿಂದ ಕೈಗೆ ಕಾಸೂ ಉಳಿಯಲಿಲ್ಲ. ನಿಧಾನವಾಗಿ ಸಗಣಿ ಬರೋದು ಕಮ್ಮಿಯಾಯಿತು, ಸಗಣಿ ಕಮ್ಮಿಯಾದಷ್ಟೂ ಗ್ಯಾಸ್ ಕಮ್ಮಿ, ಗ್ಯಾಸ್ ಕಮ್ಮಿಯಾದಷ್ಟೂ ಜನರ ಆಸಕ್ತಿ ಕಮ್ಮಿ.

ಇಂಥ ಹೊತ್ತಲ್ಲಿ ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ ಅಂತ ರಿಪೋರ್ಟ್ ಬರೆದು ಎದ್ದುಬರೋದು ಸುಲಭ. ರೆಡ್ಡಿ ಮತ್ತು ಅವರ ಜೊತೆಗಾರರು ಹಾಗೆ ಮಾಡಲಿಲ್ಲ. ಊರವರನ್ನೇ ಕೇಳಿದರು, ನಿಮಗೆ ಮೊದಲು ಬೇಕಾಗಿರೋದು ಏನು ಅಂತ. ಉತ್ತರ ಅಡುಗೆ ಗ್ಯಾಸ್ ಅಲ್ಲ, ಕುಡಿಯುವ ನೀರು.

ನೀರಿಗೆ ಬೇಕಾದ ಶಕ್ತಿ ಅಡುಗೆಯ ಶಕ್ತಿಗಿಂತ ಎಷ್ಟೋ ಕಮ್ಮಿ. ಅದೇ 42.5 ಘನ ಮೀಟರ್ ಗ್ಯಾಸನ್ನು ಒಲೆಗೆ ಬಿಡುವ ಬದಲು ಡೀಸೆಲ್ ಎಂಜಿನ್ನಿಗೆ ಬಿಟ್ಟರೆ? ಸಣ್ಣ ಡೀಸೆಲ್ ಎಂಜಿನ್ ಒಂದನ್ನು ಡ್ಯುಯಲ್ ಫ್ಯುಯೆಲ್ ಆಗಿ ಮಾರ್ಪಡಿಸಿ 5 ಕಿಲೋವ್ಯಾಟ್ ಮಟ್ಟದ ಜನರೇಟರ್ ಕೂರಿಸಿದರು. ಗಾಳಿಯ ಜೊತೆ ಬಯೋಗ್ಯಾಸ್ ಒಳಗೆ ಹೋಗುತ್ತೆ, ಬೆಂಕಿ ಹೊತ್ತಿಸುವಷ್ಟು ಮಾತ್ರ ಡೀಸೆಲ್ ಚಿಮ್ಮುತ್ತೆ. 1987ರ ಸೆಪ್ಟೆಂಬರ್‌ನಲ್ಲಿ ಪುರದಲ್ಲಿ ಈ ಕರೆಂಟು ಬಂತು. ಕೊಳವೆ ಬಾವಿಯಿಂದ ನೀರು ಮೇಲೆದ್ದು ಬೀದಿ ನಲ್ಲಿಗೆ ಬಂತು, ಸಂಜೆ ಮನೆಗಳಲ್ಲಿ ಟ್ಯೂಬ್‌ಲೈಟು ಹತ್ತಿತು.

ಈ ಸಲ ಸಗಣಿಯ ವ್ಯವಸ್ಥೆಯೂ ಬೇರೆ. ತಂದುಕೊಟ್ಟ ಸಗಣಿಗೆ ಕಿಲೋಗೆ 2 ಪೈಸೆ. ಅದು ಸೇರ್ತಿದ್ದದ್ದು ಹೊತ್ತು ತಂದವರ ಕೈಗೆ, ಹೆಚ್ಚಾಗಿ ಹೆಂಗಸರು ಮಕ್ಕಳಿಗೆ. ಗ್ಯಾಸ್ ಬಿಟ್ಟ ಮೇಲೆ ಉಳಿಯುವ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಸೋಸಿ, ಯಾರು ಎಷ್ಟು ಸಗಣಿ ಕೊಟ್ಟರೋ ಅದೇ ಲೆಕ್ಕದಲ್ಲಿ ಗೊಬ್ಬರವಾಗಿ ವಾಪಸ್. ಸಗಣಿಯ ಸಾರಜನಕ ಎಲ್ಲೂ ಕಳೆದುಹೋಗಲಿಲ್ಲ. ಸ್ಥಾವರ ನಡೆಸಿದ್ದು ಊರಿನ ಇಬ್ಬರು ಹುಡುಗರು. ಯಾರಾದರೂ ಸಗಣಿ ಕೊಡದೇ ಹೋದರೆ ಊರಿಗೇ ನೀರಿಲ್ಲ. ಹಾಗಾಗಿ ಊರೇ ಅದನ್ನು ನೋಡಿಕೊಂಡಿತು.

ಪುರಕ್ಕೆ ದೇಶ ವಿದೇಶದಿಂದ ನೋಡಲು ಬಂದವರು ಅನೇಕರು. ಆದರೆ ರೆಡ್ಡಿ ಅದನ್ನು ಗೆಲುವಿನ ಕಥೆಯಾಗಿ ಮಾತ್ರ ಹೇಳಿಕೊಂಡು ತಿರುಗಲಿಲ್ಲ. 2004ರಲ್ಲಿ, ತಮ್ಮ 74ನೇ ವಯಸ್ಸಿನ ಹೊತ್ತಿಗೆ, ಪುರದ ಯೋಜನೆಯಿಂದ ಕಲಿಯಬೇಕಾದ ಪಾಠಗಳ ಬಗ್ಗೆಯೇ ಒಂದು ಲೇಖನ ಬರೆದರು. ತಾವೇ ಕಟ್ಟಿದ್ದನ್ನು ತಾವೇ ಆಡಿಟ್ ಮಾಡಿದ ಹಾಗೆ.

ಇವತ್ತು ಅದೇ ಜ್ವಾಲೆ ನಮ್ಮ ಸ್ಕ್ರೀನ್ ಮೇಲೆ

ರೆಡ್ಡಿಯವರ ಕಾಲದಲ್ಲಿ ಬರ್ನರ್ ವಿನ್ಯಾಸ ಅಂದರೆ ಕಟ್ಟು, ಉರಿಸು, ಅಳೆ, ಮತ್ತೆ ಕಟ್ಟು. ಈಗ ಮಧ್ಯದಲ್ಲಿ ಕಂಪ್ಯೂಟರ್ ಬಂದಿದೆ. ಏನು ಬದಲಾಗಿದೆ, ಏನು ಬದಲಾಗಿಲ್ಲ ಅಂತ ಸ್ವಲ್ಪ ನೋಡೋಣ.

ಬಯೋಗ್ಯಾಸ್ ಅಂದರೆ ಸುಮಾರು 60 ಶೇಕಡ ಮೀಥೇನ್, 40 ಶೇಕಡ ಕಾರ್ಬನ್ ಡೈಆಕ್ಸೈಡ್, ಜೊತೆಗೆ ನೀರಾವಿ ಮತ್ತು ಒಂಚೂರು ಹೈಡ್ರೋಜನ್ ಸಲ್ಫೈಡ್. ಆ ಡೈಆಕ್ಸೈಡ್ ಉರಿಯೋದಿಲ್ಲ, ಆದರೆ ಶಾಖ ಹೀರುತ್ತೆ. ಶುದ್ಧ ಮೀಥೇನ್ ಜ್ವಾಲೆ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್ ವೇಗದಲ್ಲಿ ಮುನ್ನುಗ್ಗಿದರೆ ಬಯೋಗ್ಯಾಸ್ ಜ್ವಾಲೆಯದ್ದು 25ರ ಆಸುಪಾಸು. ಬರ್ನರ್ ತೂತಿನಿಂದ ಗ್ಯಾಸ್ ಅದಕ್ಕಿಂತ ತುಂಬಾ ಜೋರಾಗಿ ಬಂದರೆ ಜ್ವಾಲೆ ತೂತು ಬಿಟ್ಟು ಮೇಲೆ ಹಾರಿ ಆರಿಹೋಗುತ್ತೆ. ಒಂದು ಪಾಲು ಎಲ್‌ಪಿಜಿಗೆ 24ರಿಂದ 31 ಪಾಲು ಗಾಳಿ ಬೇಕು, ಬಯೋಗ್ಯಾಸ್‌ಗೆ ಆರು ಪಾಲೂ ಬೇಡ. ಅಷ್ಟೇ ಶಾಖಕ್ಕೆ ಗ್ಯಾಸು ಮಾತ್ರ ನಾಲ್ಕೈದು ಪಟ್ಟು ಜಾಸ್ತಿ ಹರಿಯಬೇಕು. ಅದಕ್ಕೇ ಮನೆಯ ಎಲ್‌ಪಿಜಿ ಸ್ಟವ್‌ಗೆ ಬಯೋಗ್ಯಾಸ್ ಪೈಪು ಸಿಕ್ಕಿಸಿದರೆ ಕೆಲಸ ಆಗೋದಿಲ್ಲ. ಜೆಟ್ ದೊಡ್ಡದಾಗಬೇಕು, ಗಾಳಿಯ ಕಿಂಡಿ ಕಿರಿದಾಗಬೇಕು, ಬರ್ನರ್ ತೂತುಗಳ ಒಟ್ಟು ವಿಸ್ತೀರ್ಣ ಹೆಚ್ಚಬೇಕು.

ಕ್ಲೀನ್ ಬರ್ನಿಂಗ್ ಪ್ರಶ್ನೆ ಬರೋದು ಪಾತ್ರೆ ಇಟ್ಟಾಗ. ಮೀಥೇನ್ ಮೊದಲು ಕಾರ್ಬನ್ ಮೊನಾಕ್ಸೈಡ್ ಆಗಿ, ಆಮೇಲೆ ಡೈಆಕ್ಸೈಡ್ ಆಗುತ್ತೆ. ಈ ಎರಡನೇ ಹೆಜ್ಜೆ ಮುಗಿಯೋ ಮೊದಲೇ ಜ್ವಾಲೆ ತಣ್ಣನೆ ಪಾತ್ರೆಗೆ ತಾಗಿದರೆ ಮೊನಾಕ್ಸೈಡ್ ಹಾಗೇ ಹೊರಬೀಳುತ್ತೆ. ಪಾತ್ರೆ ಹತ್ತಿರ ಇಟ್ಟರೆ ಶಾಖ ಚೆನ್ನಾಗಿ ಸಿಗುತ್ತೆ, ವಿಷವೂ ಬರುತ್ತೆ. ದೂರ ಇಟ್ಟರೆ ವಿಷ ಕಮ್ಮಿ, ಶಾಖವೂ ಕಮ್ಮಿ. ಆ ನಡುವಿನ ಎತ್ತರ ಎಷ್ಟು ಮಿಲಿಮೀಟರ್ ಅನ್ನೋದನ್ನು ಹುಡುಕಲು ಸಿಮ್ಯುಲೇಶನ್ ನಿಜಕ್ಕೂ ಸಹಾಯ ಮಾಡುತ್ತೆ. ಹತ್ತು ಬರ್ನರ್ ಎರಕ ಹೊಯ್ಯುವ ಬದಲು ಹತ್ತು ಮೆಶ್ ಮಾಡಿ, ಗೆದ್ದ ಒಂದನ್ನು ಮಾತ್ರ ಪೀಣ್ಯದ ವರ್ಕ್‌ಶಾಪಿಗೆ ಕೊಡಬಹುದು.

ಮೀಥೇನ್ ದಹನದ ಹೆಸರಾಂತ ರಾಸಾಯನಿಕ ಮಾಡೆಲ್ ಜಿಆರ್‌ಐ-ಮೆಕ್ 3.0ರಲ್ಲಿ 53 ಪದಾರ್ಥಗಳು, 325 ಕ್ರಿಯೆಗಳು. ಅಷ್ಟನ್ನೂ ಮೂರು ಆಯಾಮದ ಲಕ್ಷಾಂತರ ಸೆಲ್‌ಗಳಲ್ಲಿ ಬಿಡಿಸಲು ಹೋದರೆ ನಮ್ಮ ಲ್ಯಾಬ್ ಮೆಶಿನ್ ಕೈಚೆಲ್ಲುತ್ತೆ. ಮೊದಲು ಒಂದೇ ಆಯಾಮದಲ್ಲಿ ಜ್ವಾಲೆಯ ವೇಗ ತೆಗೆದುಕೊಂಡು, ಆಮೇಲೆ ಕಿರಿದಾದ ರಸಾಯನ ಮಾಡೆಲ್ ಜೊತೆ ದೊಡ್ಡ ಲೆಕ್ಕಕ್ಕೆ ಹೋಗೋದು ಜಾಣತನ.

ಇದೆಲ್ಲಾ ಸರಿ. ಆದರೆ ಇನ್‌ಲೆಟ್‌ನಲ್ಲಿ 60 ಶೇಕಡ ಮೀಥೇನ್ ಅಂತ ಟೈಪ್ ಮಾಡಿದ ಕ್ಷಣ ನಾವು ಒಂದು ಊಹೆ ಮಾಡಿರ್ತೀವಿ. ಗುಂಡಿಗೆ ಬಿದ್ದದ್ದು ಸಗಣಿಯೋ ಮೆಸ್‌ನ ಉಳಿದ ಅನ್ನವೋ, ನಿನ್ನೆ ಚಳಿ ಇತ್ತೋ ಬಿಸಿಲಿತ್ತೋ, ಅದರ ಮೇಲೆ ಮೀಥೇನ್ ಪ್ರಮಾಣವೂ ಒತ್ತಡವೂ ಬದಲಾಗುತ್ತೆ. ಬೌಂಡರಿ ಕಂಡಿಶನ್ ತಪ್ಪಿದ್ದರೆ ಕನ್ವರ್ಜ್ ಆದ ಉತ್ತರವೂ ತಪ್ಪೇ. ಪುರದ ಮೊದಲ ಯೋಜನೆಯಲ್ಲಿ ಆಗಿದ್ದೂ ಅದೇ. ಬರ್ನರ್ ಸರಿ ಇತ್ತು, ಇನ್‌ಲೆಟ್ ತಪ್ಪಿತ್ತು.

ಇಡೀ ರಾಜ್ಯದ ಲೆಕ್ಕ

1980ರ ದಶಕದಲ್ಲಿ ರೆಡ್ಡಿ ಇದೇ ದೃಷ್ಟಿಯನ್ನು ದೊಡ್ಡದು ಮಾಡಿದರು. ಬ್ರೆಜಿಲ್‌ನ ಜೋಸೆ ಗೋಲ್ಡೆಂಬರ್ಗ್, ಸ್ವೀಡನ್ನಿನ ಥಾಮಸ್ ಯೋಹಾನ್ಸನ್, ಅಮೆರಿಕದ ರಾಬರ್ಟ್ ವಿಲಿಯಮ್ಸ್ ಜೊತೆ ಸೇರಿ, ತಲಾ ಒಂದು ಕಿಲೋವ್ಯಾಟ್ ಶಕ್ತಿಯಿದ್ದರೆ ಬಡ ದೇಶದ ಜನರೂ 1970ರ ದಶಕದ ಪಶ್ಚಿಮ ಯೂರೋಪಿನ ಮಟ್ಟದಲ್ಲಿ ಬದುಕಬಹುದು ಅಂತ 1985ರಲ್ಲಿ ತೋರಿಸಿದರು. ಷರತ್ತು ಒಂದೇ: ಉಪಕರಣಗಳೆಲ್ಲಾ ಅತ್ಯುತ್ತಮ ದಕ್ಷತೆಯವು ಆಗಿರಬೇಕು. 1988ರಲ್ಲಿ ನಾಲ್ವರ ಪುಸ್ತಕ ಎನರ್ಜಿ ಫಾರ್ ಎ ಸಸ್ಟೈನಬಲ್ ವರ್ಲ್ಡ್ ಬಂತು. ಜನಕ್ಕೆ ಬೇಕಾಗಿರೋದು ಯೂನಿಟ್ಟುಗಳಲ್ಲ, ಬೆಂದ ಅನ್ನ, ಬೆಳಕು, ನೀರು ಅನ್ನೋದೇ ಅದರ ತಿರುಳು.

ಹೊತ್ತಿಗೆ ಸರಿಯಾಗಿ ಕರ್ನಾಟಕದಲ್ಲೇ ಅದಕ್ಕೆ ಪರೀಕ್ಷೆ ಬಂತು. 1987ರ ಒಂದು ಸರ್ಕಾರಿ ಸಮಿತಿಯ ದೀರ್ಘಾವಧಿ ಯೋಜನೆ, 2000ನೇ ಇಸವಿಗೆ ರಾಜ್ಯಕ್ಕೆ 4,750 ಕೋಟಿ ಯೂನಿಟ್ ಕರೆಂಟು, ಸುಮಾರು 9,400 ಮೆಗಾವ್ಯಾಟ್ ಸಾಮರ್ಥ್ಯ ಬೇಕು ಅಂದಿತು. ರೆಡ್ಡಿ ಮತ್ತು ಸಹೋದ್ಯೋಗಿಗಳು ಡಿಫೆಂಡಸ್ ಎಂಬ ತಮ್ಮ ವಿಧಾನದಲ್ಲಿ ಕೆಳಗಿಂದ ಲೆಕ್ಕ ಹಾಕಿದರು. ಎಷ್ಟು ಮನೆ, ಎಷ್ಟು ಬಲ್ಬು, ಎಷ್ಟು ಗೀಸರ್, ಎಷ್ಟು ಪಂಪ್‌ಸೆಟ್. ಬಲ್ಬಿನ ಬದಲು ಸಿಎಫ್ಎಲ್, ಗೀಸರ್ ಬದಲು ಸೋಲಾರ್ ನೀರು, ಪಂಪ್‌ಸೆಟ್‌ಗೆ ಘರ್ಷಣೆ ಕಮ್ಮಿಯಿರುವ ಪೈಪು, ಫುಟ್‌ವಾಲ್ವು. ಎಲ್ಲಾ ಮನೆಗೂ ಕರೆಂಟು ಕೊಟ್ಟ ಮೇಲೂ ಬಂದ ಉತ್ತರ 1,790 ಕೋಟಿ ಯೂನಿಟ್, ಸುಮಾರು 4,000 ಮೆಗಾವ್ಯಾಟ್.

ಇದೂ ಒಂದು ಸಿಮ್ಯುಲೇಶನ್ನೇ, ಆದರೆ ಇಲ್ಲಿ ಪ್ರತಿ ಸೆಲ್ಲೂ ಒಂದು ಮನೆ ಅಥವಾ ಒಂದು ಹೊಲ. ಕೈಗಾ ಅಣು ಸ್ಥಾವರದ ಚರ್ಚೆ ಬಿಸಿಯಾಗಿದ್ದ ದಿನಗಳಲ್ಲಿ ರೆಡ್ಡಿ ಅಣು ವಿದ್ಯುತ್ತಿನ ಖರ್ಚನ್ನೂ ಇದೇ ರೀತಿ ಬಿಡಿಸಿಟ್ಟು ಪ್ರಶ್ನೆ ಮಾಡಿದರು. ಅಧಿಕಾರದಲ್ಲಿದ್ದವರಿಗೆ ಇದು ಇಷ್ಟವಾಗುವ ಮಾತಲ್ಲ. ಆದರೆ ಒಪ್ಪದವರೂ ಅವರ ಅಂಕಿಗಳಿಗೆ ಅಂಕಿಗಳಿಂದಲೇ ಉತ್ತರ ಕೊಡಬೇಕಾಗಿತ್ತು.

ಕೊನೆಯ ವರ್ಷಗಳು

1991ರಲ್ಲಿ ಸಂಸ್ಥೆಯಿಂದ ನಿವೃತ್ತರಾದ ಮೇಲೆ ರೆಡ್ಡಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಎನರ್ಜಿ ಇನಿಶಿಯೇಟಿವ್ ಕಟ್ಟಿದರು. ಅದರಿಂದ ಎನರ್ಜಿ ಫಾರ್ ಸಸ್ಟೈನಬಲ್ ಡೆವಲಪ್‌ಮೆಂಟ್ ಎಂಬ ಸಂಶೋಧನಾ ಪತ್ರಿಕೆ ಹೊರಬಂತು. ಅದು ಇವತ್ತೂ ಇದೆ. 2000ದಲ್ಲಿ ಆ ನಾಲ್ವರು ಗೆಳೆಯರಿಗೆ ಒಟ್ಟಾಗಿ ವೋಲ್ವೋ ಪರಿಸರ ಪ್ರಶಸ್ತಿ ಬಂತು. 2006ರ ಮೇ 7ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅಸ್ತ್ರ ಈಗ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರ ಅನ್ನೋ ಹೆಸರಿನಲ್ಲಿ ಅದೇ ಕ್ಯಾಂಪಸ್ಸಿನಲ್ಲಿದೆ.

ಅವರ ಬದುಕಲ್ಲಿ ಒಂದು ಕ್ರಮ ಕಾಣುತ್ತೆ. ಮೊದಲು ಇರೋದನ್ನು ಅಳೆ, ಆಮೇಲೆ ಅದು ಯಾರಿಗೆ ಯಾತಕ್ಕೆ ಬೇಕು ಅಂತ ಕೇಳು, ಕೊನೆಗೆ ಯಂತ್ರ ಕಟ್ಟು. ನಾವು ಸಾಮಾನ್ಯವಾಗಿ ಮಾಡೋದು ಇದರ ಉಲ್ಟಾ. ಸಾಫ್ಟ್‌ವೇರ್ ಇದೆ, ಜಿಯೋಮೆಟ್ರಿ ಇದೆ, ಬಣ್ಣ ಬಣ್ಣದ ಟೆಂಪರೇಚರ್ ಕಾಂಟೂರ್ ಬಂತು, ರಿವ್ಯೂ ಮುಗೀತು.

ಈ ಸೆಮಿಸ್ಟರ್‌ನಲ್ಲಿ ಯಾರಾದರೂ ಬಯೋಗ್ಯಾಸ್ ಬರ್ನರ್ ಪ್ರಾಜೆಕ್ಟ್ ತಗೊಳ್ಳೋರಿದ್ದರೆ, ಮೆಶ್ ಮಾಡೋ ಮೊದಲು ಒಂದು ವಾರ ಒಂದು ತಕ್ಕಡಿ ಹಿಡ್ಕೊಂಡು ಹಾಸ್ಟೆಲ್ ಮೆಸ್ಸಿನ ಹಿಂದೆ ನಿಂತ್ಕೊಳ್ಳಿ. ದಿನಕ್ಕೆ ಎಷ್ಟು ಕಿಲೋ ಉಳಿಯುತ್ತೆ, ಭಾನುವಾರ ಎಷ್ಟು, ರಜೆಯಲ್ಲಿ ಎಷ್ಟು ಅಂತ ಬರ್ಕೊಳ್ಳಿ. ಅಡುಗೆ ಭಟ್ಟರನ್ನು ಕೇಳಿ, ಆ ಗ್ಯಾಸ್ ಅವರಿಗೆ ಯಾವುದಕ್ಕೆ ಉಪಯೋಗಕ್ಕೆ ಬರುತ್ತೆ ಅಂತ. ಅನ್ನ ಬೇಯಿಸೋಕೆ ಸಾಲದೇ ಇರಬಹುದು, ಬೆಳಗಿನ ಕಾಫಿಗೆ ನೀರು ಕಾಯಿಸೋಕೆ ಧಾರಾಳವಾಗಿ ಸಾಕಾಗಬಹುದು. ಆಗ ಬರ್ನರ್‌ನ ಸೈಜೇ ಬೇರೆ, ಸಿಮ್ಯುಲೇಶನ್ನೇ ಬೇರೆ.